ಇಸ್ತ್ರಿ ಮಾಡಿದ ಕೋಟು

ನನ್ನ ತಂಗಿಯ ಮಗಳನ್ನು ನಮ್ಮ ಕಟ್ಟಡದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವಳು ಟೇಪು. ಅಂಬೆಗಾಲಿಡುವಾಗಲೇ ಅಮ್ಮನ ಅಳತೆ ಟೇಪನ್ನು ಕೊರಳಿಗೆ ಸುತ್ತಿಕೊಂಡು ಓಡಾಡಿದವಳು. ನಡೆಯಲು ಬಂದ ಮೇಲೆ ಮೆಟ್ಟಿಲು, ಬೆಕ್ಕು, ಪೇಪರಿನವನ ಸೈಕಲ್ಲು, ಯಾವುದನ್ನೂ ಅಳೆಯದೆ ಬಿಟ್ಟವಳಲ್ಲ. ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿ, ನನ್ನ ಸೊಂಟದ ಸುತ್ತಳತೆಯನ್ನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿ ಹೇಳಿದಳು. ಅವತ್ತೇ ನಾನು ಈ ಅಡ್ಡಹೆಸರು ಇಟ್ಟೆ. ಹೆಸರೂ ಅಂಟಿಕೊಂಡಿತು, ಟೇಪೂ ಇನ್ನೂ ಕೊರಳಲ್ಲೇ ಇದೆ.

ನಾನು ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತು ಕೂತು ಆಯುಷ್ಯ ಸವೆಸಿದವಳು. ಕಿಂಡಿಯಾಚೆ ಬರೀ ಅವಸರದ ಮುಖಗಳು, ಬೈಗುಳ, ಗೊಣಗಾಟ. ಹಾಗಾಗಿ ಸಿಟ್ಟು ನನಗೆ ಕೆಲಸದ ಜೊತೆಗೇ ಬಂದದ್ದು. ಕೆಲಸದಿಂದ ನಿವೃತ್ತಿಯಾಯಿತು, ಸಿಟ್ಟಿನಿಂದ ಆಗಲಿಲ್ಲ. ಟೇಪು ಕೆಲಸ ಹುಡುಕಿದ ಕಥೆಯನ್ನು ಸಮಾಧಾನವಾಗಿ ಹೇಳಬೇಕೆಂದೇ ಕೂತಿದ್ದೇನೆ. ಆಗದಿದ್ದರೆ ಓದುವವರು ಸ್ವಲ್ಪ ಹೊಂದಿಕೊಂಡು ಹೋಗಬೇಕು.

ತಂಗಿಯ ಮನೆ ನನ್ನ ಮನೆಯ ಕೆಳಗಿನ ಮಹಡಿಯಲ್ಲಿ. ಬೀದಿಯ ಕಡೆಗಿರುವ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಮಿಷನ್ನು. ಶಾಲೆಯ ಯೂನಿಫಾರ್ಮು, ಉದ್ದ ಹೆಚ್ಚಾದ ಪ್ಯಾಂಟು, ಕಿತ್ತುಹೋದ ಜಿಪ್ಪು, ದಿಂಬಿನ ಚೀಲ, ಇವೇ ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಆ ಮಿಷನ್ನೇ ಮನೆಗೆ ಯಜಮಾನ. ಬೀದಿಯವರೆಲ್ಲ ಅವಳನ್ನು ಟೇಲರಮ್ಮ ಎನ್ನುತ್ತಾರೆ. ಮಾತು ಕಡಿಮೆ, ಜಗಳ ಇಲ್ಲವೇ ಇಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಹಟಮಾರಿ. ಅವಳ ಕೈ ದಾಟಿದ ಬಟ್ಟೆಯಲ್ಲಿ ಒಂದು ಎಳೆ ನೂಲು ಆಚೆ ಜೋತಾಡಬಾರದು, ಒಂದು ಸುಕ್ಕು ಇರಬಾರದು. ಹರಿದ ಚೀಲಕ್ಕೆ ತೇಪೆ ಹಾಕಿಕೊಟ್ಟರೂ ಇಸ್ತ್ರಿ ಮಾಡಿಯೇ ಕೊಡುವವಳು. "ಅದು ಗೋಣಿಚೀಲ ಕಣೇ, ಅದಕ್ಕೇನು ಮದುವೆ ನಿಶ್ಚಯ ಆಗಿದೆಯಾ?" ಎಂದು ನಾನು ಎಷ್ಟು ಸಲ ಅಣಕಿಸಿದ್ದೇನೋ.

ನೂಲು ಕತ್ತರಿಸಲು ಅವಳ ಸೊಂಟದಲ್ಲಿ ಒಂದು ಪುಟ್ಟ ಕತ್ತರಿ ಸದಾ ನೇತಾಡುತ್ತಿರುತ್ತದೆ. ಯಾರ ಬಟ್ಟೆ ಎಂದು ನೋಡುವ ಅಭ್ಯಾಸವಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದ ಯಾರೋ ಗಂಡಸಿನ ಅಂಗಿಯ ಬೆನ್ನಿನಿಂದ ಒಂದು ನೂಲು ಇಳಿಬಿದ್ದಿತ್ತು. ನಾನು ಕೈ ಹಿಡಿಯುವಷ್ಟರಲ್ಲಿ ಇವಳು ಕತ್ತರಿ ಆಡಿಸಿಯಾಗಿತ್ತು. ಆತ ಗಕ್ಕನೆ ತಿರುಗಿ, ಕತ್ತರಿ ಕಂಡು, ಜೇಬುಗಳ್ಳಿ ಎಂದು ಬಸ್ಸೇ ನಿಲ್ಲುವಂತೆ ಕೂಗಿಕೊಂಡ. ನಾನು ಕಿಂಡಿಯ ಹಿಂದಿನ ಗಂಟಲು ತೆಗೆದು ಅವನ ಬಾಯಿ ಮುಚ್ಚಿಸಿದೆ. ಇಳಿದ ಮೇಲೆ ತಂಗಿ ಹೇಳಿದ್ದು ಒಂದೇ ಮಾತು: "ಅಲ್ಲಕ್ಕಾ, ಆ ನೂಲು ಹಾಗೇ ಬಿಟ್ಟಿದ್ರೆ ಹೊಲಿಗೆ ಪೂರ್ತಿ ಬಿಚ್ಕೊಳ್ತಿತ್ತು."

ಇಂಥವಳ ಮಗಳು ಫ್ಯಾಷನ್ ಡಿಸೈನ್ ಓದುತ್ತೇನೆ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಮ್ಮನ ಮಿಷನ್ನಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ ತಾನೆ ಎಂದುಕೊಂಡೆವು. ಟೇಪು ಚೆನ್ನಾಗಿಯೇ ಓದಿದಳು. ಓದು ಮುಗಿಯಿತು. ಅಲ್ಲಿಂದಾಚೆ ಚಪ್ಪಲಿ ಸವೆಯಲು ಶುರುವಾಯಿತು.

ಮೊದಲು ಸಿಕ್ಕಿದ್ದು ಒಬ್ಬ ಹೆಸರಾಂತ ಡಿಸೈನರ್ ಬಳಿ ಇಂಟರ್ನ್‌ಶಿಪ್. ಕೋಣೆಯೊಳಗೂ ಕಪ್ಪು ಕನ್ನಡಕ ತೆಗೆಯದ ಮಹಾನುಭಾವ. ಕಲಿಯಲು ಅವಕಾಶ ಕೊಡುವುದೇ ದೊಡ್ಡ ಉಪಕಾರ, ಹಾಗಾಗಿ ಸಂಬಳದ ಮಾತು ಎತ್ತಬಾರದು ಎಂದು ಮೊದಲ ದಿನವೇ ಹೇಳಿದರಂತೆ. ಕಲಿತದ್ದಾದರೂ ಏನು? ನೆಲದ ಮೇಲೆ ಚೆಲ್ಲಿದ ಗುಂಡುಪಿನ್ನುಗಳನ್ನು ಅಯಸ್ಕಾಂತ ಹಿಡಿದು ಹೆಕ್ಕುವುದು, ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವುದು, ಬಟ್ಟೆಯ ಚೀಲಗಳನ್ನು ಮೆಟ್ಟಿಲಲ್ಲಿ ಹೊರುವುದು. ಲಿಫ್ಟ್ ಇತ್ತು, ಅದು ಅತಿಥಿಗಳಿಗೆ. ಒಂದು ಸಲ ತೋಳಿನ ಕತ್ತರಿಕೆ ಸರಿಯಾಗಿಲ್ಲವೇನೋ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಕಪ್ಪು ಕನ್ನಡಕ ತಿರುಗಿ, "ಇವಳು ಯಾರು?" ಎಂದು ಪಕ್ಕದವರನ್ನು ಕೇಳಿತಂತೆ. ಅಷ್ಟು ತಿಂಗಳು ಅವನ ಕಾಲ ಬಳಿಯೇ ಪಿನ್ನು ಹೆಕ್ಕಿದವಳು ಅವಳು.

ಅವನ ಫ್ಯಾಷನ್ ಶೋ ಮೊಬೈಲಿನಲ್ಲಿ ನೇರವಾಗಿ ಬಂತು. ತಂಗಿ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಸಾಗಹಾಕಿ, ನನ್ನನ್ನೂ ಪಕ್ಕದ ಮನೆಯವರನ್ನೂ ಕೂರಿಸಿಕೊಂಡಳು. ಹುಡುಗಿಯರು ಒಬ್ಬೊಬ್ಬರಾಗಿ ನಡೆದು ಬಂದರು, ಹೋದರು. ಒಬ್ಬಳು ಪರದೆಯಿಂದ ಹೊರಗೆ ಬರುವಾಗ ಹಿಂದಿನಿಂದ ಒಂದು ಕೈ ಅವಳ ಲಂಗದ ಅಂಚನ್ನು ಸರಿಮಾಡಿ ಒಳಗೆ ಸರಿಯಿತು. "ಟೇಪು! ಅದು ನಮ್ಮ ಟೇಪುವಿನ ಕೈ!" ಎಂದು ತಂಗಿ ಮೊಬೈಲನ್ನು ಎಲ್ಲರ ಮೂಗಿಗೆ ಹಿಡಿದಳು. ಆ ಕೈಯನ್ನು ಎಷ್ಟು ಸಲ ಹಿಂದೆ ಹಾಕಿ ಹಾಕಿ ನೋಡಿದೆವೋ ಲೆಕ್ಕವಿಲ್ಲ. ಅಷ್ಟು ಓದಿದ ಹುಡುಗಿಯ ಒಂದು ಕೈ ಮಾತ್ರ ಲೋಕಕ್ಕೆ ಕಂಡಿತ್ತು.

ಇಂಟರ್ನ್‌ಶಿಪ್ ಮುಗಿಯಿತು, ಕೆಲಸ ಸಿಗಲಿಲ್ಲ. ಟೇಪು ತನ್ನ ಚಿತ್ರಗಳ ದೊಡ್ಡ ಫೈಲನ್ನು ಬಗಲಲ್ಲಿ ಇರುಕಿಕೊಂಡು ಊರೆಲ್ಲ ಅಲೆದಳು. "ನಾವೇ ತಿಳಿಸ್ತೀವಿ" ಎಂದವರು ತಿಳಿಸಲಿಲ್ಲ. ಉಳಿದವರು "ಅನುಭವ ಇರೋರು ಬೇಕಿತ್ತು" ಎಂದರು. ಹೊಸಬರಿಗೆ ಎಂದೇ ಕರೆದ ಕೆಲಸಕ್ಕೆ ಅನುಭವ ಕೇಳುವವರಿಗೆ ಏನು ಹೇಳುವುದು? ಕಿಂಡಿಯಲ್ಲಿದ್ದಾಗ ಇಂಥವರು ಬಂದಿದ್ದರೆ ಊರಿನ ಕೊನೆಯ ಬಸ್ಸು ಹೋಯಿತು ಎಂದು ಕಳಿಸುತ್ತಿದ್ದೆ.

ಕೊನೆಗೆ ಅವಳು ಒಂದು ದೊಡ್ಡ ರೆಡಿಮೇಡ್ ಅಂಗಡಿಯಲ್ಲಿ, ಟ್ರಯಲ್ ರೂಮಿನ ಬಾಗಿಲಲ್ಲಿ ನಿಲ್ಲುವ ಕೆಲಸಕ್ಕೆ ಸೇರಿದಳು. ಒಳಗೆ ಹೋಗುವವರಿಗೆ ಟೋಕನ್ ಕೊಡಬೇಕು, ಅವರು ತೊಟ್ಟು ಬಿಸಾಡಿ ಹೋದ ಬಟ್ಟೆಗಳನ್ನು ನೆಲದಿಂದ ಎತ್ತಿ, ಗುಂಡಿ ಹಾಕಿ, ಮಡಚಿ ಮತ್ತೆ ಜಾಗಕ್ಕೆ ಸೇರಿಸಬೇಕು. "ಸದ್ಯಕ್ಕೆ ಅಷ್ಟೇ ದೊಡ್ಡಮ್ಮಾ" ಎನ್ನುತ್ತಿದ್ದಳು. ಆ ಸದ್ಯ ಎಳೆದುಕೊಂಡು ಹೋಗುತ್ತಿತ್ತು. ಮುಖದ ಕಳೆ ಇಳಿಯತೊಡಗಿತ್ತು. ಕೊರಳಿನ ಟೇಪನ್ನು ಕೆಲಸದ ಹೊತ್ತಿನಲ್ಲಿ ತೆಗೆದಿಡಬೇಕೆಂದು ಅಲ್ಲಿಯ ಮ್ಯಾನೇಜರು ಹೇಳಿದ್ದನಂತೆ.

ಆಗ ಬಂತು ಕೋಟಿನ ಮನೆಯ ಕರೆ.

ಅದು ಹಳೆಯ ಸಂಸ್ಥೆ, ಕೋಟು ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಅಲ್ಲಿಯ ಕಟಿಂಗ್ ಮಾಸ್ಟರ್‌ಗೆ ಒಬ್ಬರು ಸಹಾಯಕರು ಬೇಕಾಗಿತ್ತು. ಹೊಸಬರಾದರೂ ಪರವಾಗಿಲ್ಲ, ನಾನೇ ಕಲಿಸುತ್ತೇನೆ ಎಂದಿದ್ದರು. ಟೇಪುವಿನ ಚಿತ್ರಗಳನ್ನು ಒಂದೊಂದಾಗಿ ನೋಡಿ, ಅವಳ ಕೈಗೆ ಒಂದು ಸುರುಳಿ ಕೋರಾ ಬಟ್ಟೆ ಕೊಟ್ಟು ಕಳಿಸಿದರು. ಅದರಲ್ಲೊಂದು ಕಚ್ಚಾ ಕೋಟು ಮಾಡಿಕೊಂಡು ಬರಬೇಕು.

ಈ ಕಚ್ಚಾ ಕೋಟಿನ ವಿಷಯ ಸ್ವಲ್ಪ ಹೇಳಬೇಕು, ನನಗೂ ಅದು ಗೊತ್ತಾದದ್ದು ಆಮೇಲೆಯೇ. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಇವರು ಅಗ್ಗದ ಬಟ್ಟೆಯಲ್ಲಿ ಒಂದನ್ನು ಮಾಡಿ ನೋಡುತ್ತಾರೆ. ಅದನ್ನು ಯಾರೂ ತೊಟ್ಟುಕೊಂಡು ಹೋಗುವುದಿಲ್ಲ. ಅಂಚು ಮಡಿಸುವುದಿಲ್ಲ. ಎದೆಯ ನಡು ಎಲ್ಲಿ, ಸೊಂಟ ಎಲ್ಲಿ, ಭುಜ ಎಲ್ಲಿ ಎಂದು ಕೆಂಪು ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಗುರುತು ಮಾಡುತ್ತಾರೆ. ಸರಿಯಾಗಿ ಕೂರದ ಕಡೆ ನೀಲಿ ಪೆನ್ನಿನಲ್ಲಿ ಹೊಸ ಗೆರೆ ಎಳೆಯುತ್ತಾರೆ, ಪಿನ್ನು ಚುಚ್ಚುತ್ತಾರೆ, ಮತ್ತೆ ಎಳೆಯುತ್ತಾರೆ. ನೋಡುವವರಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸ. ಆದರೆ ಮಾಸ್ಟರ್ ನೋಡುವುದು ಆ ಗೆರೆಗಳನ್ನೇ. ಎಲ್ಲಿ ತಪ್ಪಿದಳು, ಹೇಗೆ ತಿದ್ದಿಕೊಂಡಳು, ಇವಳ ತಲೆ ಹೇಗೆ ಓಡುತ್ತದೆ ಎಂಬುದೆಲ್ಲ ಅವರಿಗೆ ಅದರಲ್ಲೇ ಸಿಗಬೇಕು.

ಟೇಪು ಅಮ್ಮನ ಕೋಣೆಯ ಮೂಲೆಯಲ್ಲಿ, ಅಂಗಡಿಯವರು ಎಸೆದಿದ್ದ ಒಂದು ಕೈಮುರುಕ ಬೊಂಬೆಗೆ ಬಟ್ಟೆ ತೊಡಿಸಿ ಕೆಲಸಕ್ಕೆ ಕೂತಳು. ಅಂಗಡಿಯಿಂದ ಬಂದವಳೇ ಊಟದ ಕಡೆಗೂ ತಿರುಗಿ ನೋಡದೆ ಬೊಂಬೆಯ ಸುತ್ತ ಸುತ್ತುತ್ತಿದ್ದಳು. ಅಳತೆಯ ಟೇಪು ಮತ್ತೆ ಕೊರಳಿಗೆ ಬಂದಿತ್ತು, ಮುಖದಲ್ಲಿ ಕಳೆಯೂ ಬಂದಿತ್ತು. ಒಂದು ಸಂಜೆ ನಾನು ಇಳಿದು ಹೋದಾಗ ತಂಗಿ ಮಿಷನ್ ತುಳಿಯುತ್ತಾ ಆ ಕೆಂಪು ದಾರಗಳನ್ನೇ ನೋಡುತ್ತಿದ್ದಳು. ಕಣ್ಣಿಗೆ ಮರಳು ಬಿದ್ದವಳ ಹಾಗೆ ಮುಖ ಮಾಡಿಕೊಂಡಿದ್ದಳು.

"ಈ ನೂಲೆಲ್ಲ ಯಾವಾಗ ತೆಗೀತೀಯೇ?" ಎಂದಳು.

ಟೇಪುವಿನ ಬಾಯಲ್ಲಿ ಪಿನ್ನುಗಳಿದ್ದವು. ಅಮ್ಮನ ಮಾತು ಅರ್ಧ ಕೇಳಿಸಿಕೊಂಡು, "ಆಮೇಲೆ, ಆಮೇಲೆ" ಎಂದಳು.

ಆ ಎರಡು "ಆಮೇಲೆ"ಗಳೇ ಎಲ್ಲ ಕೆಡಿಸಿದವು. ಇರಲಿ ಅಮ್ಮ, ಅದು ಹಾಗೇ ಇರಬೇಕು ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅದು ಅವಳಿಗೆ ಅಷ್ಟು ಸಹಜವಾದ ವಿಷಯ.

ಮಾಸ್ಟರನ್ನು ಕಾಣಬೇಕಾದ ದಿನ ಅಂಗಡಿಯ ಮ್ಯಾನೇಜರು ರಜೆ ಕೊಡಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಕೋಟು ತೆಗೆದುಕೊಂಡು ಹೋಗೋಣವೆಂದಿದ್ದವಳಿಗೆ ಅದಕ್ಕೂ ಬಿಡುವು ಸಿಗುವ ಹಾಗಿರಲಿಲ್ಲ. ಬೆಳಿಗ್ಗೆಯೇ ಫೋನ್ ಮಾಡಿ, "ಅಮ್ಮಾ, ಆ ಕೋಟನ್ನ ಹಾಗೇ ಒಂದು ಚೀಲದಲ್ಲಿ ಹಾಕ್ಕೊಂಡು ಮಧ್ಯಾಹ್ನ ಅಂಗಡಿ ಹತ್ರ ಬಂದ್ಬಿಡು, ನಾನು ಅಲ್ಲಿಂದಾನೇ ಹೋಗ್ತೀನಿ" ಎಂದಳು.

ತಂಗಿಗೆ ಇಡೀ ಬೆಳಗ್ಗೆ ಕೈಯಲ್ಲಿತ್ತು. ಪಾಪ, ನನ್ನ ಮಗಳಿಗೆ ಪುರಸೊತ್ತೇ ಆಗಲಿಲ್ಲವಲ್ಲ ಎಂದು ಮರುಗಿದಳು. ಇಂಥ ದೊಡ್ಡವರ ಮುಂದೆ ನೂಲು ಜೋತಾಡುವ ಬಟ್ಟೆ ಹಿಡಿದು ನಿಲ್ಲುವುದೆಂದರೆ! ಕೆಂಪು ದಾರಗಳನ್ನು ಒಂದೊಂದೇ ಎಳೆದು ತೆಗೆದಳು. ಪಿನ್ನುಗಳನ್ನು ಕಿತ್ತು, ಅವು ಹಿಡಿದಿದ್ದ ಕಡೆಯೆಲ್ಲ ಒಳಗಿನಿಂದ ಹೊಲಿದಳು. ಅಂಚುಗಳನ್ನು ಮಡಿಸಿ, ಮಿಷನ್ನು ಬೇಡವೆಂದು ಕೈಯಲ್ಲೇ, ಹೊರಗಡೆಗೆ ಒಂದು ಚುಕ್ಕೆಯೂ ಕಾಣದ ಹಾಗೆ ಹೊಲಿದಳು. ಆ ಹೊಲಿಗೆ ಅವಳಿಗೆ ಮಾತ್ರ ಬರುವಂಥದು. ಬಟ್ಟೆಯ ತುಂಬ ನೀಲಿ ಗೀಚು. ನೀರು ಚಿಮುಕಿಸಿ ಇಸ್ತ್ರಿ ಒತ್ತಿದಳು. ಅದು ನೀರು ಸೋಕಿದರೆ ಮಾಯವಾಗುವ ಪೆನ್ನು. ನೋಡನೋಡುತ್ತಿದ್ದಂತೆ ಗೀಚೆಲ್ಲ ಹೋಯಿತು. ಕಲೆ ಇಷ್ಟು ಸುಲಭವಾಗಿ ಹೋಯಿತಲ್ಲ ಎಂದು ಅವಳಿಗೆ ಖುಷಿಯೋ ಖುಷಿ.

ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯ ಹಿಂಬಾಗಿಲಿಗೆ ಟೇಪು ಓಡಿ ಬಂದಳು, ಚೀಲ ಇಸಿದುಕೊಂಡಳು. ತಂಗಿ ಅವಳ ಕೆನ್ನೆ ತಟ್ಟಿ, "ಒಂದು ಎಳೆ ಆಚೆ ಇಲ್ಲ ನೋಡು. ಹೋಗಿ ಗೆದ್ದು ಬಾ" ಎಂದಳು. ಹುಡುಗಿಗೆ ಅದು ತಲೆಗೆ ಹೋಗಲಿಲ್ಲ. ಬಸ್ಸು ಬಂದಿತ್ತು, ಓಡಿದಳು.

ಸಂಜೆ ಟೇಪು ಮನೆಯೊಳಗೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕಸದ ಬುಟ್ಟಿ ಹಿಡಿದು ಇಳಿಯುವಾಗ ಕಂಡಳು. ಏನೇ ಎಂದು ಕೇಳಿದ್ದೇ ತಡ, ನನ್ನ ಸೆರಗಿಗೆ ಮುಖ ಒತ್ತಿಕೊಂಡಳು. ಕೆಳಗಿನ ಬಾಗಿಲಿಗೆ ಕೇಳದ ಹಾಗೆ ಪಿಸುಗುಟ್ಟುತ್ತಾ ಎಲ್ಲ ಹೇಳಿದಳು.

ಮಾಸ್ಟರ್ ಕೋಟನ್ನು ಬೊಂಬೆಗೆ ತೊಡಿಸಿ ಒಂದು ಸುತ್ತು ಬಂದರಂತೆ. ಟೇಪುವೂ ಆ ಕೋಟನ್ನು ನೋಡಿದ್ದು ಆಗಲೇ.

"ಗೆರೆಗಳೆಲ್ಲಿ?" ಎಂದರಂತೆ ಮಾಸ್ಟರ್.

ಅವರು ಅಂಚನ್ನು ಮಗುಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಈ ಮಡಿಕೆ ಹೊಲಿದದ್ದು ಯಾರು?"

"ನಾನೇ ಸರ್."

ಅವರು ಒಂದು ಚೂರು ಬಟ್ಟೆ, ಸೂಜಿ, ದಾರ ಕೊಟ್ಟರು. "ಇಲ್ಲೇ ಕೂತು ಒಂದು ಗೇಣು ಹೊಲಿದು ಕೊಡಮ್ಮ" ಎಂದರು. ಟೇಪು ಹೊಲಿದಳು. ಎಷ್ಟು ಜೋಪಾನ ಮಾಡಿದರೂ ಅಮ್ಮನ ಹೊಲಿಗೆ ಅವಳಿಗೆ ಬರುತ್ತಿರಲಿಲ್ಲ. ಮಾಸ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟರು.

"ಇಂಥ ಕೈಹೊಲಿಗೆ ನಾನು ಕಂಡಿರೋದು ಕಮ್ಮಿ. ಹೊಲಿದವರಿಗೆ ಹೇಳು, ತುಂಬಾ ಚೆನ್ನಾಗಿದೆ ಅಂತ. ಆದ್ರೆ ನಾನು ನೋಡ್ಬೇಕಾಗಿದ್ದು ನಿನ್ನ ಕೆಲಸ. ಬೇರೆಯವರ ಕೈಲಿ ಮಾಡಿಸ್ಕೊಂಡು ಬಂದು, ಸುಳ್ಳೂ ಹೇಳೋರನ್ನ ನಾನು ಇಟ್ಕೊಳ್ಳಲ್ಲ." ಕೋಟನ್ನು ಬಿಚ್ಚಿ, ನೀಟಾಗಿ ಮಡಚಿ, ಅವಳ ಚೀಲಕ್ಕೆ ಹಾಕಿ ಕೊಟ್ಟರಂತೆ.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕು ಎಂದು ಗೊತ್ತಾಗದ ಉರಿ. ಆ ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ನಿಜ ಹೇಳ್ಬೇಕಿತ್ತು ಕಣೇ. ನಮ್ಮಮ್ಮನಿಗೆ ಗೊತ್ತಾಗ್ಲಿಲ್ಲ, ಗೆರೆ ಇತ್ತು, ಇಸ್ತ್ರಿ ಮಾಡ್ಬಿಟ್ಟಳು ಅಂತ."

"ಹೇಳಿದ್ರೆ ನಂಬ್ತಿದ್ರಾ ದೊಡ್ಡಮ್ಮಾ? ಮೊದಲು ನಾನೇ ಅಂದ್ಬಿಟ್ಟಿದ್ದೆ. ಆಮೇಲೆ ಅಮ್ಮನ ಹೆಸರು ಎತ್ತಿದ್ರೆ, ತಪ್ಪೆಲ್ಲ ಅಮ್ಮನ ತಲೆಗೆ ಕಟ್ಟಿದ ಹಾಗೆ." ಮೂಗು ಒರೆಸಿಕೊಂಡಳು. "ಅಮ್ಮನಿಗೆ ಮಾತ್ರ ಹೇಳ್ಬೇಡ. ಅವಳಿಗೆ ಗೊತ್ತಾದ್ರೆ ಜೀವನಪೂರ್ತಿ ಕೊರಗ್ತಾಳೆ."

ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ತಂಗಿ ಮಿಷನ್ ನಿಲ್ಲಿಸಿ ಎದ್ದು ನಿಂತಿದ್ದಳು.

"ಒಳಗಿನವರನ್ನೇ ಯಾರನ್ನೋ ತಗೊಂಡ್ರಂತೆ ಅಮ್ಮ" ಎಂದಳು ಟೇಪು, ಚಪ್ಪಲಿ ಬಿಡುತ್ತಾ.

"ಕೋಟು ನೋಡಿ ಏನಂದ್ರು? ಹೊಲಿಗೆ ನೋಡಿದ್ರಾ?"

ಟೇಪು ಬಿಟ್ಟ ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟಳು. "ನೋಡಿದ್ರು. ಇಂಥ ಕೈಹೊಲಿಗೆ ಕಂಡಿರೋದು ಕಮ್ಮಿ ಅಂದ್ರು. ಹೊಲಿದವರಿಗೆ ಹೇಳು, ತುಂಬಾ ಚೆನ್ನಾಗಿದೆ ಅಂತ ಅಂದ್ರು."

ತಂಗಿಯ ಮುಖ ಅರಳಿದ್ದನ್ನು ನಾನು ನೋಡಲಾರದೆ ನೋಡಿದೆ. ಮಗಳಿಗೆ ಕೆಲಸ ಸಿಗದ ಸಂಕಟ ಒಂದು ಕಡೆ, ಅಷ್ಟು ದೊಡ್ಡ ಮಾಸ್ಟರ್ ಬಾಯಿಂದ ಬಂದ ಮಾತು ಇನ್ನೊಂದು ಕಡೆ. ಮಾರನೆಯ ದಿನದಿಂದ ಶುರುವಾಯಿತು. ಪ್ಯಾಂಟು ಕೊಡಲು ಬಂದವರಿಗೆ, ಜಿಪ್ಪು ಹಾಕಿಸಲು ಬಂದವರಿಗೆ, ದಾರಿ ಕೇಳಲು ಬಂದವರಿಗೂ ಅದೇ ಕಥೆ. "ಒಳಗಿನವರನ್ನ ತಗೊಂಡ್ರು ಬಿಡಿ, ಇಲ್ಲದಿದ್ರೆ ನಮ್ಮ ಹುಡುಗೀದೇ. ಹೊಲಿಗೇಲಿ ಒಂದು ತಪ್ಪು ಹುಡುಕೋಕೆ ಆಗ್ಲಿಲ್ಲ ಅವರಿಗೆ." ಸಾಲದ್ದಕ್ಕೆ ಆ ಕೋಟನ್ನು ಒಂದು ಹ್ಯಾಂಗರಿಗೆ ಹಾಕಿ, ಬೀದಿಯ ಕಡೆಗಿನ ಕಿಟಕಿಯಲ್ಲಿ ತೂಗುಹಾಕಿದಳು. ಧೂಳು ಕೂರುತ್ತದೆಂದು ಆಗಾಗ ತೆಗೆದು ಇಸ್ತ್ರಿ ಬೇರೆ.

ಟೇಪು ದಿನಾ ಕೆಲಸಕ್ಕೆ ಹೋಗುವಾಗ ಆ ಕಿಟಕಿಯ ಕೆಳಗೇ ಹೋಗಬೇಕು. ಬರುವಾಗಲೂ ಅದೇ ದಾರಿ. ತಲೆ ಎತ್ತುತ್ತಿರಲಿಲ್ಲ. ಒಮ್ಮೆ ನಾನು ತಡೆಯಲಾರದೆ, "ಆ ಹಾಳು ಕೋಟನ್ನ ಯಾರಿಗಾದ್ರೂ ಕೊಟ್ಬಿಡೇ, ಕಿಟಕಿ ಕತ್ತಲಾಗುತ್ತೆ" ಎಂದು ತಂಗಿಗೆ ಹೇಳಿದೆ. ಅವಳು ನನ್ನನ್ನು ಹೊಟ್ಟೆಕಿಚ್ಚಿನವಳೆಂಬಂತೆ ನೋಡಿದಳು.

ಹೀಗೆ ಒಂದು ಚಳಿಗಾಲ ಕಳೆದು ಬೇಸಿಗೆ ಬಂತು. ಟೇಪು ಒಂದು ಮಧ್ಯಾಹ್ನ ನೇರವಾಗಿ ನನ್ನ ಮನೆಗೆ ಹತ್ತಿ ಬಂದಳು. ಕೈಯಲ್ಲಿ ಮತ್ತೊಂದು ಸುರುಳಿ ಕೋರಾ ಬಟ್ಟೆ.

"ಇನ್ನೊಂದು ಕಡೆ ಕರೆದಿದ್ದಾರೆ ದೊಡ್ಡಮ್ಮಾ. ಸಣ್ಣ ಜಾಗ, ಹೆಂಗಸರ ಜಾಕೆಟ್ ಮಾಡ್ತಾರೆ. ಅವರೂ ಹೀಗೇ ಕಚ್ಚಾದು ಮಾಡ್ಕೊಂಡು ಬಾ ಅಂದಿದ್ದಾರೆ." ನೆಲ ನೋಡುತ್ತಾ, "ಇಲ್ಲಿ ಮಾಡ್ಲಾ?" ಎಂದಳು.

ಕೆಳಗೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ನನ್ನ ಊಟದ ಮೇಜು ಖಾಲಿ ಮಾಡಿಕೊಟ್ಟೆ. ಅಂಗಡಿಯಲ್ಲಿ ಹೆಚ್ಚಿನ ಕೆಲಸವಿದೆ, ಬರುವುದು ತಡವಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದಳು. ಅಮ್ಮನ ತಲೆಯ ಮೇಲಿನ ಮಹಡಿಯಲ್ಲೇ ಕಳ್ಳಿಯ ಹಾಗೆ ಮೆಲ್ಲಗೆ ಹೆಜ್ಜೆ ಇಟ್ಟುಕೊಂಡು ಜಾಕೆಟ್ ಮಾಡಿದಳು. ಕೆಳಗಿನಿಂದ ತಂಗಿಯ ಮಿಷನ್ನಿನ ಸದ್ದು ಬರುತ್ತಿತ್ತು. ಮಿಷನ್ ನಿಂತಾಗಲೆಲ್ಲ ಇವಳೂ ಉಸಿರು ಹಿಡಿದು ನಿಲ್ಲುತ್ತಿದ್ದಳು. ನೋಡಿ ನನಗೆ ಅಳುವೂ ಬರುತ್ತಿತ್ತು, ಇಬ್ಬರಿಗೂ ನಾಲ್ಕು ಬಾರಿಸಬೇಕೆಂದೂ ಅನ್ನಿಸುತ್ತಿತ್ತು.

ಜಾಕೆಟ್ ಮುಗಿಯಿತು. ಮರುದಿನ ಒಯ್ಯಬೇಕು. ಟೇಪು ಅದನ್ನು ನನ್ನ ಮಲಗುವ ಕೋಣೆಯ ಬಾಗಿಲಿಗೆ ತೂಗುಹಾಕಿ ಅಂಗಡಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲು ಬಡಿಯುವ ಅಭ್ಯಾಸ ನಮ್ಮಿಬ್ಬರಲ್ಲಿ ಇಲ್ಲ. "ಅಕ್ಕಾ, ನಿನ್ನ ಪರದೆ ಹೊಲಿದಾಯ್ತು" ಎಂದು ತಂಗಿ ಒಳಗೆ ಬಂದದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ. ಒದ್ದೆ ಕೈಯಲ್ಲೇ ಓಡಿದೆ.

ಅವಳು ಜಾಕೆಟ್ಟಿನ ಮುಂದೆ ನಿಂತಿದ್ದಳು. ಇಸ್ತ್ರಿ ಮಾಡಿದ ಪರದೆ ಕುರ್ಚಿಯ ಮೇಲಿತ್ತು. ಎಡಗೈ ಒಂದು ಕೆಂಪು ದಾರವನ್ನು ಹಿಡಿದಿತ್ತು, ಬಲಗೈ ಸೊಂಟದ ಕತ್ತರಿಗೆ ಹೋಗಿತ್ತು.

"ಮುಟ್ಟಬೇಡ!" ಎಂದು ಕಿರುಚಿದೆ.

ಅವಳು ಬೆಚ್ಚಿ ದಾರ ಬಿಟ್ಟಳು. ನನ್ನ ಮುಖ ನೋಡಿದಳು, ಜಾಕೆಟ್ ನೋಡಿದಳು. ಹೊಲಿಗೆಯವಳ ಕಣ್ಣು. ದಾರದಿಂದ ದಾರಕ್ಕೆ, ಗೆರೆಯಿಂದ ಗೆರೆಗೆ ಮೆಲ್ಲಗೆ ಹೋಯಿತು. ಎದೆಯ ನಡುವಿನ ಕೆಂಪು, ಸೊಂಟದ ಕೆಂಪು, ಭುಜದಲ್ಲಿ ಒಂದರ ಪಕ್ಕ ಒಂದು ತಿದ್ದಿ ತಿದ್ದಿ ಎಳೆದ ನೀಲಿ ಗೆರೆಗಳು. ಬಾಯಲ್ಲೇ ಏನೋ ಅಳೆದುಕೊಳ್ಳುವ ಹಾಗೆ ತುಟಿ ಅಲ್ಲಾಡುತ್ತಿತ್ತು.

"ಈ ನೀಲಿ, ನೀರು ಹಾಕಿದ್ರೆ ಹೋಗುತ್ತೆ ಅಲ್ವಾ ಅಕ್ಕಾ?"

"ಹೂಂ."

"ಅದರಲ್ಲೂ ಇತ್ತು. ಆ ಕೋಟಲ್ಲೂ ಹೀಗೇ ಇತ್ತು."

ಕುರ್ಚಿಯ ಮೇಲೆ ಕೂತಳು, ತಾನೇ ಇಸ್ತ್ರಿ ಮಾಡಿ ತಂದ ಪರದೆಯ ಮೇಲೆ. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಬಟ್ಟೆ ಸುಕ್ಕಾಗುವುದನ್ನು ಗಮನಿಸಲಿಲ್ಲ.

"ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ ಅಕ್ಕಾ. ಅವಳು ಕೇಳಿಸ್ಕೊಂಡು ಸುಮ್ನಿದ್ಳಲ್ಲ." ಜಾಕೆಟ್ಟಿನ ಕಡೆ ಕೈ ತೋರಿಸಿ, "ನನಗೆ ಹೆದರಿ ಇಲ್ಲಿಗೆ ತಂದಿಟ್ಟಿದ್ದಾಳೆ" ಎಂದಳು.

"ಹೆದರಿ ಅಲ್ಲ ಕಣೇ. ನಿನಗೆ ನೋವಾಗುತ್ತೆ ಅಂತ."

"ಎರಡೂ ಒಂದೇ" ಎಂದು ಎದ್ದು ಹೋದಳು.

ಸಂಜೆ ಟೇಪು ಬೀದಿಯ ತಿರುವಿನಲ್ಲಿ ಬರುವಾಗ ನಾನು ಮೇಲಿನ ಕಿಟಕಿಯಲ್ಲಿದ್ದೆ. ಎಂದೂ ತಲೆ ಎತ್ತದವಳು ಅವತ್ತು ಅದೇಕೋ ಎತ್ತಿದಳು. ಕೆಳಗಿನ ಕಿಟಕಿ ಖಾಲಿ. ಕೋಟೂ ಇಲ್ಲ, ಹ್ಯಾಂಗರೂ ಇಲ್ಲ. ಹುಡುಗಿ ಬೀದಿಯ ನಡುವೆ ನಿಂತುಬಿಟ್ಟಳು, ಹಿಂದಿನಿಂದ ಬಂದ ಕಾರಿನವನು ಹಾರ್ನ್ ಒತ್ತಿ ಬೈದ. ಅವತ್ತು ಕೆಳಗಿನ ಮನೆಯಲ್ಲಿ ಅಮ್ಮ ಮಗಳು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕಿವಿಗೊಟ್ಟು ನಿಂತಿದ್ದೆ, ಸುಳ್ಳೇಕೆ ಹೇಳಲಿ. ತಟ್ಟೆ ಇಟ್ಟ ಸದ್ದು, ನಲ್ಲಿಯ ಸದ್ದು, ಅಷ್ಟೇ ಕೇಳಿಸಿದ್ದು.

ಜಾಕೆಟ್ಟಿನವರು ಟೇಪುವನ್ನು ತೆಗೆದುಕೊಂಡರು. ಗೆರೆಗಳನ್ನು ನೋಡಿ ಮೆಚ್ಚಿಕೊಂಡರಂತೆ. ಕೆಲಸ ಎಂದರೆ ಸದ್ಯಕ್ಕೆ ಅದೂ ಇಂಟರ್ನ್‌ಶಿಪ್ಪೇ, ಮುಂದೆ ಇಟ್ಟುಕೊಳ್ಳುತ್ತೇವೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೂ ಕಟಿಂಗ್ ಮೇಜಿನ ಮುಂದೆ ನಿಲ್ಲುವ ಕೆಲಸ. ನನಗೆ ಕುಣಿಯಬೇಕೆನಿಸಿತು. ತಂಗಿ "ಒಳ್ಳೇದಾಯ್ತು" ಎಂದಳು, ಮಿಷನ್ನಿಗೆ ದಾರ ಪೋಣಿಸುತ್ತಾ.

ಮೊದಲ ದಿನ ಕಳಿಸಲು ನಾನು ಇಳಿದು ಹೋಗಿದ್ದೆ. ಟೇಪು ತಾನೇ ಇಸ್ತ್ರಿ ಮಾಡಿಕೊಂಡ ಅಂಗಿ ತೊಟ್ಟಿದ್ದಳು. ಆ ಜಾಕೆಟ್ ನೋಡಿದ ದಿನದಿಂದ ತಂಗಿ ಮಗಳ ಬಟ್ಟೆಯನ್ನು ಮುಟ್ಟಿರಲಿಲ್ಲ. ಒಣಗಿದ್ದನ್ನು ಮಡಚುವುದೂ ಇಲ್ಲ, ಹಾಗ್ಹಾಗೇ ಮಂಚದ ಮೇಲೆ ಇಟ್ಟುಬಿಡುತ್ತಿದ್ದಳು. ಬಾಗಿಲ ಬಳಿ ಟೇಪು ಚೀಲ ಹೆಗಲಿಗೆ ಹಾಕುವಾಗ ನನಗೆ ಕಂಡಿತು, ಅವಳ ಬಲತೋಳಿನ ತುದಿಯಿಂದ ಒಂದು ನೂಲು ಉದ್ದಕ್ಕೆ ಜೋತಾಡುತ್ತಿತ್ತು. ಟೇಪುವೂ ನೋಡಿದ್ದಳು. ನೋಡಿಯೇ, ಚಿಕ್ಕವಳಿದ್ದಾಗ ಶಾಲೆಗೆ ಹೊರಡುವಾಗ ಮಾಡುತ್ತಿದ್ದ ಹಾಗೆ, ಅಮ್ಮನ ಮುಂದೆ ತೋಳು ಚಾಚಿ ನಿಂತಳು.

ತಂಗಿಯ ಕೈ ಕತ್ತರಿಯವರೆಗೆ ಹೋಯಿತು. ಅಲ್ಲಿಂದ ಹಿಂದೆ ಬಂತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇದು ಬೇಕು ಅಂತಾನೇ ಬಿಟ್ಟಿರೋದಾ?" ಎಂದು ಕೇಳಿದಳು.

ಕೊಂಕು ಇರಲಿಲ್ಲ. ಹೊಸ ಗಿರಾಕಿಯನ್ನು ಅಳತೆ ಕೇಳುವ ದನಿಯಲ್ಲಿ, ನಿಜವಾಗಿಯೂ ಕೇಳಿದ್ದಳು. ಟೇಪುವಿನ ತೋಳು ಗಾಳಿಯಲ್ಲಿ ಹಾಗೇ ಇತ್ತು. ಅವಳು ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ಬಸ್ಸಿಗೆ ಹೊತ್ತಾಯ್ತು" ಎಂದು ಟೇಪು ತೋಳು ಇಳಿಸಿ, ಮೆಟ್ಟಿಲು ಇಳಿದು ಹೋದಳು. ನೂಲು ಅವಳ ಜೊತೆಗೇ ಹೋಯಿತು.